ಇನ್ನೊಬ್ಬಳ ಹಾಡು

ಸುಧಾಮಣಿ ಯಾರಿಗೂ, ಯಾವುದರಲ್ಲೂ ಬಿಟ್ಟುಕೊಡುವ ಹೆಂಗಸಲ್ಲ. ಇದನ್ನು ಮೆತ್ತಗೆ ಹೇಳುವವರಿದ್ದಾರೆ. ನ್ಯೂಜೆರ್ಸಿಯ ಕೆಂಡಲ್ ಪಾರ್ಕಿನ ಕನ್ನಡದವರು ‘ಅವರು ಸ್ವಲ್ಪ ಸ್ಟ್ರಿಕ್ಟು’ ಎನ್ನುತ್ತಾರೆ. ಗಂಡ ಜಗದೀಶ್ ‘ಅವಳ ಸ್ವಭಾವ ಹಾಗೆ’ ಎಂದು ಕೈತೊಳೆದುಕೊಳ್ಳುತ್ತಾನೆ. ಬಾಸ್ಟನ್ನಿನಲ್ಲಿರುವ ಮಗಳು ಗಗನಾ ಫೋನಿನಲ್ಲಿ ‘ಮಾಮ್, ಜಸ್ಟ್ ಲೆಟ್ ಇಟ್ ಗೋ’ ಎಂದು ವಿಷಯ ಬದಲಾಯಿಸುತ್ತಾಳೆ. ಮೆತ್ತಗೆ ಹೇಳಿದ ಮಾತ್ರಕ್ಕೆ ಕಲ್ಲು ಮೆತ್ತಗಾಗುವುದಿಲ್ಲ.

ಬ್ರಿಡ್ಜ್‌ವಾಟರ್ ದೇವಸ್ಥಾನದ ಹತ್ತಿರ ಅವಳು ಕೆಲಕಾಲ ಮಕ್ಕಳಿಗೆ ಸಂಗೀತ ಹೇಳಿಕೊಟ್ಟದ್ದುಂಟು. ಚೆನ್ನಾಗಿಯೇ ಹೇಳಿಕೊಟ್ಟಳು. ಒಂದು ಗಣೇಶನ ಹಬ್ಬಕ್ಕೆ ಧಾರವಾಡದ ಕಡೆಯ ಶಿವಕಿರಣ್‌ನ ಮಗಳು ಭೂಮಿಕಾ, ಏಳು ವರ್ಷದ ಕೂಸು, ತುಂಬಿದ ಸಭೆಯೆದುರು ಹಾಡುತ್ತಿದ್ದಾಗ ಎರಡನೆಯ ಸಾಲಿನಲ್ಲಿ ಒಂದು ಸ್ವರ ಜಾರಿತು. ಸುಧಾಮಣಿ ಕೈಯೆತ್ತಿ ಮಗುವನ್ನು ನಿಲ್ಲಿಸಿದಳು. ‘ಮೊದಲಿಂದ ಹಾಡು’ ಎಂದಳು. ಮಗು ಮೊದಲಿಂದ ಹಾಡಲಿಲ್ಲ. ಅಪ್ಪನ ತೊಡೆಗೆ ಓಡಿಹೋಗಿ ಮುಖ ಮುಚ್ಚಿಕೊಂಡಿತು.

“ಅಕ್ಕಾರ, ಹುಡುಗಿ ಇನ್ನಾ ಸಣ್ಣದೈತ್ರೀ,” ಎಂದ ಶಿವಕಿರಣ್, ಊಟದ ಸಾಲಿನಲ್ಲಿ ಅವಳನ್ನು ಹಿಡಿದು. “ಗಣಪತಿ ಏನ್ ಮಾರ್ಕ್ಸ್ ಹಾಕ್ತಾನೇನ್ರೀ?”

“ಗಣಪತಿ ಹಾಕಲ್ಲ,” ಎಂದಳು ಸುಧಾಮಣಿ. “ಅದಕ್ಕೇ ನಾನು ಹಾಕ್ತೀನಿ.”

ವರ್ಷ ತಿರುಗುವಷ್ಟರಲ್ಲಿ ತರಗತಿ ಖಾಲಿಯಾಯಿತು. ಅವಳು ಅದಕ್ಕಾಗಿ ಒಂದು ನಿಟ್ಟುಸಿರನ್ನೂ ಖರ್ಚು ಮಾಡಲಿಲ್ಲ. ಆಮೇಲೆ ಅವಳು ಕನ್ನಡಿಗರ ನಡುವೆ ಹಾಡುವುದನ್ನೇ ಬಿಟ್ಟಳು. ಬೀದಿಯಾಚೆಯ ರಾಜಿಯ ಮನೆಯ ಬೇಸ್‌ಮೆಂಟಿನಲ್ಲಿ ತಿಂಗಳಿಗೊಮ್ಮೆ ಕ್ಯಾರಿಯೋಕೆ ಸೇರುತ್ತದೆ. ಹಳೆಯ ಸಿನಿಮಾ ಹಾಡು, ಮಿರ್ಚಿ ಬಜ್ಜಿ, ಶ್ರುತಿ ಬಿಟ್ಟ ಗಂಡಸರ ಯುಗಳಗೀತೆ. ಸುಧಾಮಣಿ ಅಲ್ಲಿಗೆ ಹೋಗುವುದಿಲ್ಲ. ಗುರುವಾರ ಮಧ್ಯಾಹ್ನ ಅವಳು ಒಬ್ಬಳೇ ಟರ್ನ್‌ಪೈಕ್ ಹೆದ್ದಾರಿ ಹಿಡಿದು ಉತ್ತರಕ್ಕೆ, ಫೋರ್ಟ್ ಲೀಗೆ ಡ್ರೈವ್ ಮಾಡುತ್ತಾಳೆ. ಅಲ್ಲಿ ಒಂದು ಕೊರಿಯನ್ ಹೋಟೆಲಿನ ಮಹಡಿಯ ಮೇಲೆ ಕಿಟಕಿಯಿಲ್ಲದ ಒಂದು ಕ್ಯಾರಿಯೋಕೆ ಕೋಣೆ. ಹಗಲು ಹೊತ್ತು ಅದನ್ನು ಕೇಳುವವರಿಲ್ಲ. ಅಲ್ಲಿ ನಾಲ್ಕೈದು ಜಪಾನೀ ಹೆಂಗಸರು, ಎಲ್ಲರೂ ಐವತ್ತು ದಾಟಿದವರು, ತಮ್ಮ ತಾಯಂದಿರ ಕಾಲದ ದುಃಖದ ಹಾಡುಗಳನ್ನು ಹಾಡುತ್ತಾರೆ. ಅವರ ನಡುವೆ ಸುಧಾಮಣಿಯೂ.

“ಅಲ್ರೀ ಸುಧಾ, ನಮ್ ಹಾಡು ಏನ್ ಪಾಪ ಮಾಡಿದ್ವು?” ಎಂದು ರಾಜಿ ಕೇಳಿದ್ದುಂಟು. “ಆ ಜಪಾನಿಯವ್ರ ಅಳುಮುಂಜಿ ಹಾಡಿಗೆ ಒಂದ್ ಗಂಟೆ ಕಮ್ಯೂಟ್ ಮಾಡ್ತೀರಲ್ಲ!”

“ಅಲ್ಲಿ ಯಾರೂ ಮಧ್ಯದಲ್ಲಿ ಬಜ್ಜಿ ತಿನ್ನಲ್ಲ,” ಎಂದಳು ಸುಧಾಮಣಿ.

ಇದು ನಿಜ, ಆದರೆ ಕಾರಣವಲ್ಲ.

ಮದುವೆಯಾದ ಹೊಸದರಲ್ಲಿ ಜಗದೀಶ್‌ಗೆ ಜಪಾನಿನ ಕವಾಸಾಕಿಯಲ್ಲಿ ಕೆಲಸವಿತ್ತು. ಅವನು ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದ. ನಂಜನಗೂಡಿನಲ್ಲಿ ಬೆಳೆದ ಸುಧಾಮಣಿಗೆ ಅಲ್ಲಿ ಮಾತೂ ಇರಲಿಲ್ಲ, ಮಾತಾಡಲು ಜನವೂ ಇರಲಿಲ್ಲ. ಮೂರನೆಯ ವರ್ಷ ಅವಳ ಮೊದಲ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ದಿನ ತುಂಬಿತ್ತು. ಗಂಡು. ಆಸ್ಪತ್ರೆಯವರು ತಲೆಬಾಗಿಸಿದರು, ಜಗದೀಶ್ ಒಂದು ವಾರ ರಜೆ ಹಾಕಿ ಮನೆಯಲ್ಲಿದ್ದ, ಆಮೇಲೆ ಕೆಲಸಕ್ಕೆ ಹೋದ. ಅವಳು ಮಗುವಿಗೆಂದು ಹಾಸಿದ್ದ ಹಾಸಿಗೆಯನ್ನು ದಿನವೂ ಬೆಳಿಗ್ಗೆ ಮಡಿಸುತ್ತಿದ್ದಳು, ಸಂಜೆ ಹಾಸುತ್ತಿದ್ದಳು. ಯಾಕೆಂದು ಕೇಳಿದವರೂ ಇರಲಿಲ್ಲ.

ಅವರ ಮನೆಯ ಕೆಳಗೆ ಒಬ್ಬ ಹೆಂಗಸು ನಡೆಸುವ ಪುಟ್ಟ ಬಾರು ಇತ್ತು; ಎಂಟು ಕುರ್ಚಿ, ಒಂದು ಹಾಡಿನ ಯಂತ್ರ. ಹಗಲಿನಲ್ಲಿ ಅದು ಮುಚ್ಚಿರುತ್ತಿತ್ತು. ಒಂದು ದಿನ ಮೆಟ್ಟಿಲ ಮೇಲೆ ಸುಮ್ಮನೆ ಕುಳಿತಿದ್ದ ಸುಧಾಮಣಿಯನ್ನು ಆ ಹೆಂಗಸು ತೋಳು ಹಿಡಿದು ಒಳಗೆ ಕರೆದುಕೊಂಡು ಹೋಗಿ ಮೂಲೆಯಲ್ಲಿ ಕೂರಿಸಿದಳು. ಯಂತ್ರದಲ್ಲಿ ಹಾಡು ಹಚ್ಚಿ, ತಾನು ಗ್ಲಾಸು ತೊಳೆಯುತ್ತ ಹಾಡತೊಡಗಿದಳು. ಮಾರನೆಯ ದಿನವೂ ಕರೆದಳು. ಪರದೆಯ ಮೇಲೆ ಅಕ್ಷರಗಳು ಹಾಡಿನೊಡನೆ ಬಣ್ಣ ಬದಲಿಸುತ್ತ ಸಾಗುವುದನ್ನು ನೋಡಿ ಸುಧಾಮಣಿ ಜಪಾನೀ ಓದುವುದನ್ನು ಕಲಿತಳು. ಆ ರಾಗ ಶಿವರಂಜನಿಯ ಹತ್ತಿರದ್ದು, ಧೈವತವೊಂದು ಕೆಳಗಿಳಿದರೆ ಅದೇ ಎಂದು ಕಿವಿ ಗುರುತಿಸಿತು. ಹಾಡಿನ ಮಾತು ಅರ್ಥವಾಗಲು ತಿಂಗಳುಗಳು ಬೇಕಾದವು.

ಆ ಹಾಡುಗಳಲ್ಲಿ ಒಂದು, ಉತ್ತರದ ಬಂದರಿನ ಹಳೆಯ ವಸತಿಗೃಹವೊಂದರ ಕೆಲಸದ ಹೆಂಗಸಿನದು. ಬರುತ್ತೇನೆಂದು ಹೋದವನಿಗಾಗಿ ಆಕೆ ಒಂದು ಕೋಣೆಯಲ್ಲಿ ದಿನವೂ ಹಾಸಿಗೆ ಹಾಸುತ್ತಾಳೆ, ಬೆಳಿಗ್ಗೆ ಮಡಿಸುತ್ತಾಳೆ. ಅಷ್ಟೇ. ಅರ್ಥವಾದ ದಿನ ಸುಧಾಮಣಿ ಎದ್ದು ಮಹಡಿಗೆ ಹೋಗಿ, ಮಗುವಿನ ಹಾಸಿಗೆಯನ್ನು ಮಡಿಸಿ, ಕಟ್ಟಿ, ಕಸ ತೆಗೆದುಕೊಂಡು ಹೋಗುವವರಿಗೆ ಇಟ್ಟಳು. ಎರಡು ವರ್ಷದ ಮೇಲೆ ಗಗನಾ ಹುಟ್ಟಿದಳು. ಆಮೇಲೆ ಅಮೆರಿಕಾ, ನ್ಯೂಜೆರ್ಸಿ, ಮನೆ, ಹಿಮ, ಕಾರು. ಮೊದಲ ಮಗುವಿನ ವಿಷಯವನ್ನು ಗಂಡಹೆಂಡತಿ ಮತ್ತೆ ಎತ್ತಲಿಲ್ಲ. ಅದನ್ನು ಎತ್ತಲು ಅವಳಿಗಿದ್ದ ಒಂದೇ ಉಪಕರಣ ಆ ಹಾಡು. ಕಾರಿನಲ್ಲಿ ಹಾಡಿಕೊಳ್ಳಬಹುದಿತ್ತು, ಹಾಡಿಕೊಳ್ಳುತ್ತಿದ್ದಳು. ಆದರೆ ಕಾರಿನಲ್ಲಿ ಹಾಡಿದ್ದನ್ನು ಹಾಡಿದೆನೆಂದು ಅವಳು ಒಪ್ಪುವವಳಲ್ಲ. ಹಾಡೆಂದ ಮೇಲೆ ಅದರ ಮಾತು ತಿಳಿದವರು ಎದುರಿಗೆ ಕುಳಿತು ಕೇಳಬೇಕು.

ತೊಮೊಕೊ ಅವಳಿಗೆ ಸಿಕ್ಕಿದ್ದು ಎಜ್‌ವಾಟರ್‌ನ ಜಪಾನೀ ಅಂಗಡಿಯಲ್ಲಿ. ತೊಮೊಕೊ ಅಲ್ಲಿ ಪಲ್ಯ, ಸಾರು ತುಂಬಿಕೊಡುವ ಕೌಂಟರಿನಲ್ಲಿ ನಿಲ್ಲುತ್ತಿದ್ದಳು. ಗಂಡನಿಗೆ ಟೋಕಿಯೋಗೆ ವರ್ಗವಾದಾಗ ಅವನೊಬ್ಬನೇ ಹೋದ. ಅಲ್ಲಿ ಬೇರೆ ಸಂಸಾರ ಮಾಡಿಕೊಂಡ. ಈಕೆ ಇಲ್ಲೇ ಉಳಿದಳು. ಸುಧಾಮಣಿ ಜಪಾನೀಯಲ್ಲಿ, ಈ ಕಾಳಿನ ಪಲ್ಯಕ್ಕೆ ಮೀನಿನ ಸಾರು ಹಾಕಿದೆಯೇ ಎಂದು ಕೇಳಿದಳು.

“ಹಾಕಿದೆ,” ಎಂದಳು ತೊಮೊಕೊ. “ಇಲ್ಲಿ ನೀರೊಂದಕ್ಕೆ ಹಾಕಿಲ್ಲ. ನೀವು ಎಲ್ಲಿ ಕಲಿತಿರಿ ಈ ಭಾಷೆ? ನಮ್ಮ ಅಜ್ಜಿಯ ಹಾಗೆ ಮಾತಾಡುತ್ತೀರಿ.”

“ಹಾಡಿನಲ್ಲಿ,” ಎಂದಳು ಸುಧಾಮಣಿ.

ತೊಮೊಕೊ ಗಟ್ಟಿಯಾಗಿ ನಕ್ಕಳು. ಗುರುವಾರದ ಕೋಣೆಗೆ ಅವಳನ್ನು ಕರೆದುಕೊಂಡು ಹೋದದ್ದು ಆಕೆಯೇ.

ಆ ಕೂಟಕ್ಕೆ ಯಾರೂ ಬಾಯಿಬಿಟ್ಟು ಹೇಳದ ಒಂದು ಕಟ್ಟಳೆಯಿತ್ತು. ಒಬ್ಬೊಬ್ಬಳಿಗೂ ತನ್ನದೆನ್ನುವ ಒಂದು ಹಾಡು. ಆ ಹಾಡನ್ನು ಇನ್ನೊಬ್ಬಳು ಮುಟ್ಟುವುದಿಲ್ಲ. ಮಿಕ್ಕ ನೂರು ಹಾಡು ಯಾರು ಬೇಕಾದರೂ ಹಾಡಬಹುದು. ಆದರೆ ಅದನ್ನು, ಒಡತಿ ತಾನಾಗಿ ಬಿಟ್ಟುಕೊಡುವವರೆಗೆ, ಹಾಡುವಂತಿಲ್ಲ. ಸುಧಾಮಣಿಗೆ ಇದು ವಿಚಿತ್ರವಾಗಿ ಕಂಡಿತ್ತು. ನಂಜನಗೂಡಿನ ಸಂಗೀತದ ಮೇಷ್ಟರ ಮನೆಯಲ್ಲಿ ಒಂದೇ ಕೀರ್ತನೆಯನ್ನು ಹುಡುಗಿಯರೆಲ್ಲ ಸರದಿಯ ಮೇಲೆ ಹಾಡುತ್ತಿದ್ದರು. ಹಿಂದಿನವಳಿಗಿಂತ ಚೆನ್ನಾಗಿ ಹಾಡಿ ಅವಳ ಮುಖ ನೋಡುವುದೇ ಅಲ್ಲಿನ ಸುಖ. ಹಾಡಿಗೆ ಹಕ್ಕುದಾರರಿರುತ್ತಾರೆಂದು ಅಲ್ಲಿ ಯಾರೂ ಕೇಳಿರಲಿಲ್ಲ. ಆದರೂ ಕಟ್ಟಳೆ ಅರ್ಥವಾಗದ್ದೇನಲ್ಲ. ಮೊದಲ ಗುರುವಾರವೇ ಹಿರಿಯಳಾದ ನೊಬುಕೊ ಅವಳ ಕಿವಿಯಲ್ಲಿ ಹೇಳಿದ್ದಳು, ಯಾವ ಹಾಡು ಯಾರದೆಂದು. ಬಂದರಿನ ವಸತಿಗೃಹದ ಹಾಡು ತೊಮೊಕೊಳದು.

ಅಲ್ಲಿಂದ ಸುಧಾಮಣಿ ಕಾದಳು. ಹತ್ತು ವರ್ಷಕ್ಕೂ ಮೇಲೆ. ತೊಮೊಕೊ ಆ ಹಾಡನ್ನು ಚೆನ್ನಾಗಿ ಹಾಡುತ್ತಿದ್ದಳು ಎಂಬುದನ್ನು ಅವಳು ಒಪ್ಪುತ್ತಿದ್ದಳು, ಒಂದು ಕೂದಲೆಳೆಯಷ್ಟು ಕಡಿಮೆ ಮಾಡಿ. ಕೊನೆಯ ಚರಣದಲ್ಲಿ ‘ಹಾಸಿಗೆ’ ಎಂಬ ಮಾತಿಗೆ ಮೊದಲು ವಾದ್ಯ ಮುಂದೆ ಹೋಗಿಬಿಡುತ್ತದೆ, ಹಾಡುವವಳು ಹೋಗಬಾರದು. ಅವಳು ನಿಲ್ಲಬೇಕು, ಉಸಿರು ಬಿಗಿಹಿಡಿದು, ಇನ್ನು ತಡವಾಯಿತು ಎನ್ನುವಷ್ಟು ನಿಂತು, ಆಮೇಲೆ ಸ್ವರವನ್ನು ಸುತ್ತಿಸಿ ಇಳಿಸಬೇಕು. ಅವರು ಅದಕ್ಕೆ ಕೊಬುಶಿ ಎನ್ನುತ್ತಾರೆ, ನಮ್ಮ ಗಮಕದ ದೂರದ ನೆಂಟ. ತೊಮೊಕೊ ನಿಲ್ಲುತ್ತಿದ್ದಳು. ಆ ಕ್ಷಣದಲ್ಲಿ ಕೋಣೆಯಲ್ಲಿ ಯಾರೂ ಕಪ್ಪು ಕೆಳಗಿಡುತ್ತಿರಲಿಲ್ಲ.

ಕಳೆದ ಎರಡು ವರ್ಷದಲ್ಲಿ ತೊಮೊಕೊಳ ಶ್ವಾಸಕೋಶ ಗಟ್ಟಿಯಾಗತೊಡಗಿತು. ಔಷಧಿ ಕೊಟ್ಟರು, ಅದು ರೋಗದ ವೇಗವನ್ನು ಕಡಿಮೆ ಮಾಡುತ್ತದೆ, ದಿಕ್ಕನ್ನು ಬದಲಿಸುವುದಿಲ್ಲ ಎಂದರು. ಆಕೆ ಹೆಗಲಿಗೆ ಒಂದು ಸಣ್ಣ ಆಮ್ಲಜನಕದ ಯಂತ್ರ ತೂಗುಹಾಕಿಕೊಂಡು, ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಬರತೊಡಗಿದಳು. ಹಾಡಿನ ನಡುನಡುವೆ ಯಂತ್ರ ಪುಸ್ ಪುಸ್ ಎನ್ನುತ್ತಿತ್ತು. ಮೊದಲು ಕೊನೆಯ ಚರಣ ಹೋಯಿತು, ಆಮೇಲೆ ಎರಡನೆಯದು. ಕಡೆಗೆ ಸಾಲಿಗೆ ಎರಡು ಮಾತು ಮಾತ್ರ ಗಂಟಲಿನಿಂದ ಬರುತ್ತಿದ್ದವು, ಅದೂ ಸ್ವರವಿಲ್ಲದೆ. ಹೆಂಗಸರು ಮೊದಲಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ಸುಧಾಮಣಿ ತಟ್ಟುತ್ತಿರಲಿಲ್ಲ.

“ಅವಳು ಆ ಹಾಡನ್ನ ಕೊಲ್ತಾ ಇದ್ದಾಳೆ,” ಎಂದಳು ಮನೆಯಲ್ಲಿ, ಚಪಾತಿ ಲಟ್ಟಿಸುತ್ತ.

“ಅವ್ಳೇ ಸಾಯ್ತಾ ಇದ್ದಾಳಲ್ಲೇ,” ಎಂದ ಜಗದೀಶ್.

“ಅದು ಬೇರೆ ವಿಷ್ಯ.”

ಈ ವರ್ಷ ಫೆಬ್ರವರಿಯ ಒಂದು ಗುರುವಾರ ತೊಮೊಕೊ ಬರಲಿಲ್ಲ. ಉಸಿರು ಕಟ್ಟಿ ಆಸ್ಪತ್ರೆಗೆ ಹೋಗಿದ್ದಾಳೆ, ವಾರವಾದರೂ ಅಲ್ಲಿರಬೇಕಾದೀತು ಎಂದಳು ನೊಬುಕೊ. ಆಮೇಲೆ ಒಬ್ಬಳು ಹಾಡಿದಳು, ಇನ್ನೊಬ್ಬಳು ಹಾಡಿದಳು. ಸರದಿ ಸುಧಾಮಣಿಗೆ ಬಂತು. ಅವಳು ಗುಂಡಿಯೊತ್ತಿದಳು. ಪರದೆಯ ಮೇಲೆ ಹಾಡಿನ ಹೆಸರು ಮೂಡಿದಾಗ ಕೋಣೆಯಲ್ಲಿ ಯಾರೋ ಅಚ್ಚರಿಯಿಂದ ‘ಅರೆ’ ಎಂದರು. ಕೈತಪ್ಪಿ ಒತ್ತಿದಳೆಂದುಕೊಂಡಿರಬೇಕು. ಸುಧಾಮಣಿ ಕೈತಪ್ಪಿ ಏನನ್ನೂ ಮಾಡಿದವಳಲ್ಲ.

ಅವಳು ಹಾಡಿದಳು. ಅದನ್ನು ಹೇಗೆ ಹಾಡಿದಳೆಂದು ಹೇಳದಿದ್ದರೆ ಅನ್ಯಾಯವಾಗುತ್ತದೆ. ಮೈಯಲ್ಲಿ ಒಂದು ಎಲುಬೂ ಅಲುಗಾಡಲಿಲ್ಲ, ಕಣ್ಣು ಪರದೆಯ ಮೇಲಿರಲಿಲ್ಲ. ಕವಾಸಾಕಿಯ ಮಡಿಸಿದ ಹಾಸಿಗೆ, ಅದರ ತುದಿಗೆ ಹೊಲಿದಿದ್ದ ನೀಲಿ ಅಂಚು, ಯಾರಿಗೂ ಹೇಳದ ಆ ಗಂಡು ಮಗುವಿನ ಮುಖ ಎಲ್ಲವೂ ಆ ಹಾಡಿನೊಳಗೆ ಬಂದವು. ಕೊನೆಯ ಚರಣದಲ್ಲಿ ಅವಳು ನಿಂತಳು. ತೊಮೊಕೊ ನಿಲ್ಲುತ್ತಿದ್ದುದಕ್ಕಿಂತ ಹೆಚ್ಚು ಹೊತ್ತು ನಿಂತಳು. ಸ್ವರ ಸುತ್ತಿ ಇಳಿಯಿತು. ಹಾಡಿದ್ದಕ್ಕೆ ಯಂತ್ರ ನೂರಕ್ಕೆ ತೊಂಬತ್ತಾರು ಅಂಕ ತೋರಿಸಿತು. ಆ ಕೋಣೆಯಲ್ಲಿ ಯಾರಿಗೂ ಅಷ್ಟು ಬಂದಿರಲಿಲ್ಲ.

ಚಪ್ಪಾಳೆ ಒಂದೇ ಕಡೆಯಿಂದ ಬಂತು. ಬಾಗಿಲ ಬಳಿ ತೊಮೊಕೊ ನಿಂತಿದ್ದಳು, ಕೋಟಿನ ಗುಂಡಿ ಅಡ್ಡಾದಿಡ್ಡಿ ಹಾಕಿಕೊಂಡು. ಎಣಿಸಿದ್ದಕ್ಕಿಂತ ಮೊದಲೇ, ಅಂದು ಬೆಳಿಗ್ಗೆ ಆಸ್ಪತ್ರೆಯವರು ಬಿಟ್ಟಿದ್ದರು. ಆಕೆ ಮನೆಗೆ ಹೋಗದೆ ಟ್ಯಾಕ್ಸಿ ಹಿಡಿದು ನೇರ ಇಲ್ಲಿಗೆ ಬಂದಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

“ಸುಧಾ-ಸಾನ್, ಎಷ್ಟು ಚೆನ್ನಾಗಿ ಹಾಡುತ್ತೀರಿ,” ಎಂದಳು ತೊಮೊಕೊ. “ನನಗೆ ನಾಚಿಕೆಯಾಗುತ್ತದೆ.”

ಆ ಜನರ ನಡುವೆ ಬಾಳಿದವರಿಗೆ ಗೊತ್ತು, ಇಂಥ ಹೊಗಳಿಕೆ ಮುಖದ ಮೇಲೆ ಬಾಗಿಲು ಹಾಕಿದಂತೆ. ತೊಮೊಕೊ ಬಂದು ಕುಳಿತಳು, ಚಹಾ ಕುಡಿದಳು. ಸರದಿ ಬಂದಾಗ ಕೈಯಾಡಿಸಿ ಬೇಡವೆಂದಳು. ಮುಂದಿನ ವಾರವೂ ಬೇಡವೆಂದಳು. ಅದರ ಮುಂದಿನ ವಾರ ಬರಲೇ ಇಲ್ಲ. ಮಾರ್ಚ್ ಕೊನೆಯಲ್ಲಿ ನೊಬುಕೊ ಫೋನ್ ಮಾಡಿ, ಕೋಣೆ ಬಹಳ ಚಿಕ್ಕದಾಗಿದೆ, ಸುಧಾ-ಸಾನ್‌ಗೆ ಅಷ್ಟು ದೂರದಿಂದ ಬರುವುದು ಎಷ್ಟು ತ್ರಾಸ, ಸ್ವಲ್ಪ ದಿನ ವಿಶ್ರಾಂತಿ ತೆಗೆದುಕೊಳ್ಳಬಹುದಲ್ಲ ಎಂದು ಬಲು ವಿನಯದಿಂದ ಹೇಳಿದಳು. ಅದರ ಅರ್ಥ ಕೇಳುವ ಅಗತ್ಯವಿರಲಿಲ್ಲ.

“ನೀನ್ ತಪ್ಪು ಮಾಡ್ದೆ ಅಂತ ಅನ್ಸತ್ತಾ?” ಎಂದು ಜಗದೀಶ್ ಕೇಳಿದ. ಅವನು ಪಾರ್ಸಿಪನಿಯ ಆಫೀಸಿನಿಂದ ಆಗತಾನೆ ಬಂದು ಶೂ ಬಿಚ್ಚುತ್ತಿದ್ದ.

“ಎಲ್ಲಿ ತಪ್ಪಿದೆ? ಶ್ರುತಿ ತಪ್ಪಿಲ್ಲ, ಲಯ ತಪ್ಪಿಲ್ಲ.”

“ಸುಧಾ.”

“ಏನು?”

“ಏನಿಲ್ಲ ಬಿಡು. ಊಟಕ್ಕೆ ಏನಿದೆ?”

ಕೂಟಕ್ಕೆ ಮತ್ತೆ ಕಾಲಿಡಲು ಒಂದೇ ದಾರಿಯಿತ್ತು: ತೊಮೊಕೊ ತಾನೇ ಹಾಡನ್ನು ಅವಳಿಗೆ ಬಿಟ್ಟುಕೊಡಬೇಕು. ಹಾಗೆ ಬಿಟ್ಟುಕೊಡುವುದುಂಟು, ಒಡತಿ ಒಂದು ಮಾತು ಹೇಳಿದರೆ ಸಾಕು, ಆಮೇಲೆ ಯಾರೂ ತುಟಿಬಿಚ್ಚುವುದಿಲ್ಲ. ಹೇಳದೆ ಸತ್ತರೆ ಆ ಹಾಡನ್ನು ಆ ಕೋಣೆಯಲ್ಲಿ ಇನ್ನು ಯಾರೂ ಹಾಡಲಾರರು, ಸುಧಾಮಣಿಯಂತೂ ಹಾಡಲಾರಳು. ಹೀಗೆ ಯೋಚಿಸಿ ಅವಳು ಏಪ್ರಿಲ್‌ನಲ್ಲಿ ಎಜ್‌ವಾಟರ್‌ಗೆ ಹೊರಟಳು. ಕ್ಷಮೆ ಕೇಳುವುದಕ್ಕಲ್ಲ. ಹಾಡು ಕೇಳುವುದಕ್ಕೆ. ದಾರಿಯುದ್ದಕ್ಕೂ ಆ ಹಾಡನ್ನು ಹಾಡಿಕೊಂಡಳು. ಸಾಯುತ್ತಿರುವವರನ್ನು ನೋಡಲು ಹೋಗುವವರು ಅಭ್ಯಾಸ ಮಾಡಿಕೊಂಡು ಹೋಗುವುದನ್ನು ಲೋಕ ಕಂಡಿಲ್ಲ. ಒಂದು ಸಲವೂ ಎಲ್ಲೂ ತಪ್ಪಲಿಲ್ಲ.

ತೊಮೊಕೊಳ ಮನೆ ನದಿಯ ಕಡೆಗಿನ ಒಂದು ಹಳೆಯ ಕಟ್ಟಡದಲ್ಲಿ. ಮಂಚವನ್ನು ಕಿಟಕಿಗೆ ಎಳೆದಿದ್ದರು. ದಿನಕ್ಕೊಮ್ಮೆ ನರ್ಸ್ ಬಂದು ಹೋಗುತ್ತಿದ್ದಳು. ಆಸ್ಪತ್ರೆಗೆ ಇನ್ನು ಹೋಗುವುದಿಲ್ಲವೆಂದು ಆಕೆ ರುಜು ಹಾಕಿದ್ದಳು. ಗೋಡೆಯ ಪಕ್ಕದ ದೊಡ್ಡ ಯಂತ್ರ ನಿಲ್ಲದೆ ಉಸಿರಾಡುತ್ತಿತ್ತು. ಹಾಸಿಗೆಯಲ್ಲಿ ಉಳಿದದ್ದು ಮುಖವಲ್ಲ, ಮುಖದ ಎಲುಬು.

“ಸುಧಾ-ಸಾನ್,” ಎಂದಳು ತೊಮೊಕೊ. ಒಂದೊಂದು ಮಾತಿಗೂ ಒಂದೊಂದು ಉಸಿರು. “ಬರುತ್ತೀರೆಂದು ಗೊತ್ತಿತ್ತು.”

“ಬಂದೆ.”

“ಮೀನಿಲ್ಲದ್ದು ಏನೂ ಇಲ್ಲ ಮನೆಯಲ್ಲಿ. ನೀರು ಕುಡಿಯಿರಿ.”

ಸುಧಾಮಣಿ ನೀರು ಕುಡಿದಳು. ಹೇಗೆ ಕೇಳಬೇಕೆಂದು ಕಾರಿನಲ್ಲಿ ಜೋಡಿಸಿಕೊಂಡ ವಾಕ್ಯ ಬಾಯಲ್ಲಿತ್ತು. ಕೇಳುವ ಪ್ರಮೇಯ ಬರಲಿಲ್ಲ.

“ಅದು ಇನ್ನು ನಿಮ್ಮದು,” ಎಂದಳು ತೊಮೊಕೊ. “ನೊಬುಕೊಗೂ ಹೇಳಿದ್ದೇನೆ. ನನಗಿಂತ ನೀವೇ ಚೆನ್ನಾಗಿ ಹಾಡುತ್ತೀರಿ. ಅವತ್ತು ಕೇಳಿದೆನಲ್ಲ. ನಾನು ನಲವತ್ತು ವರ್ಷ ಹಾಡಿದ್ದು ಹಾಡೇ ಅಲ್ಲ ಅನ್ನಿಸಿತು.”

ಈ ಸಲ ಅದು ಬಾಗಿಲು ಹಾಕುವ ಹೊಗಳಿಕೆಯಾಗಿರಲಿಲ್ಲ. ಆಕೆ ಅದನ್ನು ನಂಬಿದ್ದಳು. ನಂಬಿ, ಕಿಟಕಿಯ ಕಡೆ ತಿರುಗಿ, ಏನೂ ಇಲ್ಲದ ಆಕಾಶವನ್ನು ನೋಡುತ್ತ ಮಲಗಿದ್ದಳು. ಗಂಡ ಹೋದ, ಉಸಿರು ಹೋಯಿತು, ಕಡೆಗೆ ಉಳಿದಿದ್ದ ಒಂದು ಹಾಡನ್ನೂ ಚೆನ್ನಾಗಿ ಹಾಡುವವಳು ಬಂದು ತೆಗೆದುಕೊಂಡಳು. ಇದರಲ್ಲಿ ಆಕೆಗೆ ದೂರುವಂಥದ್ದೇನೂ ಕಂಡಂತಿರಲಿಲ್ಲ.

“ಒಂದು ಸಲ ಹಾಡಿ,” ಎಂದಳು, ಮುಖ ತಿರುಗಿಸದೆ. “ಪೂರ್ತಿ.”

ಬೇಕಾದದ್ದು ಕೈಗೆ ಬಂದಿತ್ತು. ಸುಧಾಮಣಿ ಬೆನ್ನು ನೆಟ್ಟಗೆ ಮಾಡಿ ಕುಳಿತಳು. ವಾದ್ಯವಿಲ್ಲ, ಪರದೆಯಿಲ್ಲ, ಯಂತ್ರದ ಉಸಿರನ್ನೇ ಲಯವಾಗಿಟ್ಟುಕೊಂಡು ಹಾಡತೊಡಗಿದಳು. ಮೊದಲ ಚರಣ ಶುದ್ಧವಾಗಿ ಬಂತು, ಎರಡನೆಯದೂ ಬಂತು. ತೊಮೊಕೊ ಕಣ್ಣು ಮುಚ್ಚಿದ್ದಳು. ಕೊನೆಯ ಚರಣ ಬಂತು, ಹಾಸಿಗೆಯ ಮಾತಿಗೆ ಮೊದಲಿನ ಆ ಜಾಗ ಬಂತು. ಎಷ್ಟು ಹೊತ್ತು ನಿಲ್ಲಬೇಕೆಂದು ಸುಧಾಮಣಿಗೆ ಗೊತ್ತಿತ್ತು.

ನಿಲ್ಲಲಿಲ್ಲ. ಮಾತನ್ನು ಬೇಗ ಹಿಡಿದಳು; ಸ್ವರವನ್ನು ಸುತ್ತಿಸದೆ, ಶಾಲೆಯ ಹುಡುಗಿಯ ಹಾಗೆ ನೇರ ಕೆಳಗಿಳಿಸಿ ಬಿಟ್ಟಳು.

ತೊಮೊಕೊ ಕಣ್ಣು ಬಿಟ್ಟಳು.

“ಅಲ್ಲ,” ಎಂದಳು. “ಬೇಗ ಆಯಿತು.”

“ಬೇಗವೇ?”

“ಬಹಳ ಬೇಗ. ಕಾಯಬೇಕು ಅಲ್ಲಿ. ಅವತ್ತು ಬಂದಿತ್ತಲ್ಲ?”

“ಅವತ್ತು ಹೇಗೋ ಬಂತು,” ಎಂದಳು ಸುಧಾಮಣಿ. “ನನಗೆ ಅದು ಸಿಕ್ಕುವುದಿಲ್ಲ.”

ತೊಮೊಕೊ ಮೊಣಕೈ ಊರಿ ಏಳಲು ನೋಡಿದಳು, ಆಗಲಿಲ್ಲ. ಹೊದಿಕೆಯಿಂದ ಒಂದು ಕೈ ಹೊರಗೆ ತೆಗೆದು ಬೆರಳೆತ್ತಿದಳು. ಕೆನ್ನೆಯ ಎಲುಬಿನ ಮೇಲೆ ಸ್ವಲ್ಪ ಬಣ್ಣ ಬಂದಿತ್ತು. ಅದು ಸಿಟ್ಟು, ತನ್ನ ಕೆಲಸ ಬಲ್ಲವಳಿಗೆ ಕಲಿಯಲಾರದವಳ ಮೇಲೆ ಬರುವಂಥದ್ದು.

“ನನ್ನ ಬೆರಳು ನೋಡಿ,” ಎಂದಳು. “ಇದು ಇಳಿಯುವವರೆಗೆ ಬಾಯಿ ತೆರೆಯಬಾರದು. ಕೊನೆಯ ಚರಣದಿಂದ. ಹಾಡಿ.”

ಸುಧಾಮಣಿ ಕೊನೆಯ ಚರಣದಿಂದ ಹಾಡಿದಳು. ಬೆರಳು ಗಾಳಿಯಲ್ಲಿ ನಿಂತಿತ್ತು. ಅದು ಇಳಿಯುವ ಮೊದಲೇ, ಕೂದಲೆಳೆಯಷ್ಟು ಮೊದಲು, ಅವಳು ಬಾಯಿ ತೆರೆದಳು.